ಸಿ ಭಾಷೆಯಲ್ಲಿ ಸರಾಸರಿ ತಪ್ಪು ಬರುತ್ತಿದೆ, ಎರರ್ ಮಾತ್ರ ಇಲ್ಲ. ಏಕೆ? ಮುಂದೆ ಯಾವ ಪ್ರೋಗ್ರಾಂ ಬರೆಯಲಿ?

ನೀವು ಕೇಳಿದ್ದು ಎರಡು ವಿಷಯ. ಮೂರು ಪತ್ರಿಕೆಗಳ ಅಂಕ 85, 90, 91 ಎಂದು ಕೊಟ್ಟರೆ ಸರಾಸರಿ 88.67 ಬರಬೇಕು, ನಿಮ್ಮ ಪ್ರೋಗ್ರಾಂ 88.000000 ತೋರಿಸುತ್ತಿದೆ, ಕಂಪೈಲರ್ ಚಕಾರ ಎತ್ತುತ್ತಿಲ್ಲ. ಇನ್ನೊಂದು, ಇದಾದ ಮೇಲೆ ಏನು ಬರೆಯಬೇಕು ಎನ್ನುವುದು. ಮೊದಲನೆಯದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಸಿ ಕಲಿಯುವವರು ಶುರುವಿನಲ್ಲೇ ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಅದರಲ್ಲಿದೆ. (ಓದಲು ಸುಲಭವಾಗಲಿ ಎಂದು ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.)

ನಿಮ್ಮ ಸಾಲು ಹೀಗಿದೆ:

ಸರಾಸರಿ = ಮೊತ್ತ / 3;

ಸರಾಸರಿಯನ್ನು ಫ್ಲೋಟ್ (ದಶಾಂಶ ಸಂಖ್ಯೆಯ ಟೈಪ್) ಎಂದು ಡಿಕ್ಲೇರ್ ಮಾಡಿದ್ದೀರಿ, ಹಾಗಾಗಿ ದಶಾಂಶ ಬರಬೇಕು ಎಂದುಕೊಂಡಿದ್ದೀರಿ. ಆದರೆ ಸಿ ಮೊದಲು ಬಲಗಡೆಯದನ್ನು ಪೂರ್ತಿ ಲೆಕ್ಕ ಹಾಕುತ್ತದೆ. ಎಡಗಡೆ ಯಾವ ಟೈಪ್ ಕಾದು ಕುಳಿತಿದೆ ಎಂದು ಆಗ ಅದು ನೋಡುವುದೇ ಇಲ್ಲ. ಮೊತ್ತ ಇಂಟ್ (ಪೂರ್ಣಾಂಕದ ಟೈಪ್), 3 ಕೂಡ ಇಂಟ್. ಇಂಟ್ ಅನ್ನು ಇಂಟ್‌ನಿಂದ ಭಾಗಿಸಿದರೆ ಸಿಗುವುದು ಇಂಟ್. 266ರಲ್ಲಿ 3 ಪೂರ್ತಿಯಾಗಿ 88 ಸಲ ಹೋಗುತ್ತದೆ, ಉಳಿದದ್ದು ಬಿದ್ದುಹೋಗುತ್ತದೆ. ಹತ್ತಿರದ ಪೂರ್ಣಾಂಕಕ್ಕೆ ಏರಿಸುವುದೂ ಇಲ್ಲ, ಹಾಗಿದ್ದರೆ 89 ಬರುತ್ತಿತ್ತು. ಈ 88 ಆಮೇಲೆ ಫ್ಲೋಟ್‌ಗೆ ಹೋಗಿ 88.000000 ಆಗುತ್ತದೆ.

ಪರಿಹಾರ: 3 ಬದಲು 3.0 ಎಂದು ಬರೆಯಿರಿ. ಎರಡರಲ್ಲಿ ಒಂದು ದಶಾಂಶದ ಟೈಪ್ ಆದರೆ ಸಾಕು, ಇನ್ನೊಂದೂ ಅದಕ್ಕೆ ಬದಲಾಗುತ್ತದೆ. ಮೊತ್ತ / 3 ಅನ್ನು ಬ್ರಾಕೆಟ್‌ನಲ್ಲಿ ಹಾಕಿ ಅದರ ಮುಂದೆ ಫ್ಲೋಟ್ ಎಂದು ಕಾಸ್ಟ್ ಮಾಡಿದರೆ (ಟೈಪ್ ಬದಲಿಸಿದರೆ) ಪ್ರಯೋಜನವಿಲ್ಲ. ಅಷ್ಟರಲ್ಲಿ ದಶಾಂಶ ಹೋಗಿಯಾಗಿರುತ್ತದೆ. ಕಾಸ್ಟ್ ಮಾಡುವುದಾದರೆ ಮೊತ್ತಕ್ಕೆ ಮಾತ್ರ ಮಾಡಿ. ತೋರಿಸುವಾಗ ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಮತ್ತು ಎಫ್ ನಡುವೆ .2 ಸೇರಿಸಿದರೆ 88.67 ಎಂದು ಎರಡೇ ದಶಾಂಶ ಬರುತ್ತದೆ.

ಇದೇ ಕಾರಣಕ್ಕೆ ಶೇಕಡಾ ಲೆಕ್ಕವೂ ಕೈಕೊಡುತ್ತದೆ. 266 / 300 * 100 ಎಂದು ಬರೆದರೆ ಉತ್ತರ 0, ಏಕೆಂದರೆ ಮೊದಲ ಭಾಗಾಕಾರದಲ್ಲೇ 0 ಆಯಿತು. 266 * 100 / 300 ಎಂದರೆ 88. 266 * 100.0 / 300 ಎಂದರೆ 88.67. ಅಂಕಿಗಳು ಅವೇ, ಉತ್ತರ ಮೂರು ಬಗೆ. ಈ ಮೂರನ್ನೂ ಟೈಪ್ ಮಾಡಿ ನೋಡಿ. ರನ್ ಮಾಡುವ ಮೊದಲು ಯಾವುದಕ್ಕೆ ಎಷ್ಟು ಬರುತ್ತದೆ ಎಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನಾನು ಒತ್ತಿ ಹೇಳುವುದು ಇದೊಂದನ್ನೇ. ಉತ್ತರ ಎಷ್ಟು ಬರಬೇಕೆಂದು ಮೊದಲೇ ಗೊತ್ತಿಲ್ಲದಿದ್ದರೆ ತಪ್ಪು ಉತ್ತರವೂ ಸರಿಯಾಗಿಯೇ ಕಾಣುತ್ತದೆ. ನಿಮಗೆ 88.67 ಗೊತ್ತಿದ್ದರಿಂದಲೇ ಈ ತಪ್ಪು ಸಿಕ್ಕಿತು.

ಕಂಪೈಲರ್ ಏಕೆ ಸುಮ್ಮನಿತ್ತು? ಪೂರ್ಣಾಂಕಗಳ ಭಾಗಾಕಾರ ಭಾಷೆಯ ನಿಯಮದ ಪ್ರಕಾರ ಸರಿಯೇ. ಆದರೆ ಬೇರೆ ಹಲವು ತಪ್ಪುಗಳನ್ನು ಅದು ಹಿಡಿಯಬಲ್ಲದು, ನೀವು ಕೇಳಿದರೆ ಮಾತ್ರ. ಜಿಸಿಸಿ ಕಂಪೈಲರ್ ಬಳಸುತ್ತಿದ್ದರೆ ಕಮಾಂಡ್‌ನಲ್ಲಿ ಒಂದು ಹೈಫನ್, ದೊಡ್ಡಕ್ಷರದ ಡಬ್ಲ್ಯೂ, ಅದಕ್ಕೆ ಅಂಟಿಕೊಂಡಂತೆ ಸಣ್ಣಕ್ಷರದಲ್ಲಿ ಆಲ್ ಎಂದು ಸೇರಿಸಿ. ಆಲ್ ಬದಲು ಎಕ್ಸ್‌ಟ್ರಾ ಎಂದು ಬರೆದು ಇನ್ನೊಂದನ್ನೂ ಹಾಕಿ. ಕ್ಲ್ಯಾಂಗ್‌ಗೂ ಇದೇ. ಇಫ್ ಒಳಗೆ == ಬದಲು = ಬರೆದಿದ್ದರೆ, ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಡಿ ಬರೆದು ಡಬಲ್ (ಫ್ಲೋಟ್‌ಗಿಂತ ದೊಡ್ಡ ದಶಾಂಶ ಟೈಪ್) ಕೊಟ್ಟಿದ್ದರೆ ವಾರ್ನಿಂಗ್ ಬರುತ್ತದೆ. ಗಣಿತದ ರೂಢಿಯಲ್ಲಿ 1 < ಅಂಕ < 10 ಎಂದು ಬರೆದಿದ್ದರೂ ಬರುತ್ತದೆ. ಅದು ಸಿ ಭಾಷೆಯಲ್ಲಿ ಯಾವಾಗಲೂ ನಿಜವೇ ಆಗುತ್ತದೆ; 1 < ಅಂಕ ಎಂಬುದರ ಫಲ 0 ಅಥವಾ 1, ಎರಡೂ 10ಕ್ಕಿಂತ ಕಡಿಮೆ. ವಾರ್ನಿಂಗ್ ಬಂದರೂ ಪ್ರೋಗ್ರಾಂ ಓಡುತ್ತದೆ ಎಂದು ಮುಂದೆ ಹೋಗಬೇಡಿ. ಕಲಿಯುವ ಹಂತದಲ್ಲಿ ಪ್ರತಿ ವಾರ್ನಿಂಗನ್ನೂ ಎರರ್ ಎಂದೇ ಭಾವಿಸಿ.

ಎರರ್‌ಗಳು ಸಾಲುಸಾಲಾಗಿ ಬಂದರೆ ಮೊದಲನೆಯದನ್ನು ಮಾತ್ರ ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ, ಉಳಿದವು ಎಷ್ಟೋ ಸಲ ತಾವೇ ಮಾಯವಾಗುತ್ತವೆ. ಹೇಳಿದ ಸಾಲಿನಲ್ಲಿ ತಪ್ಪೇ ಕಾಣದಿದ್ದರೆ ಅದರ ಮೇಲಿನ ಸಾಲಿನ ಕೊನೆ ನೋಡಿ, ಸೆಮಿಕೋಲನ್ ಬಿಟ್ಟಿರಬಹುದು.

ಇನ್ನು ಸ್ಕ್ಯಾನ್‌ಎಫ್. ಕೀಬೋರ್ಡ್‌ನಿಂದ ಮೌಲ್ಯ ಓದುವ ಫಂಕ್ಷನ್ ಇದು, ಹೊಸಬರನ್ನು ಬಹಳ ಕಾಡುವುದೂ ಇದೇ. ವೇರಿಯಬಲ್ ಹೆಸರಿಗೆ ಮೊದಲು & ಬೇಕು, ಏಕೆಂದರೆ ಸ್ಕ್ಯಾನ್‌ಎಫ್‌ಗೆ ಬೇಕಿರುವುದು ಮೌಲ್ಯವಲ್ಲ, ಓದಿದ್ದನ್ನು ಎಲ್ಲಿ ಇಡಬೇಕು ಎಂಬ ವಿಳಾಸ. & ಬಿಟ್ಟರೆ ಆ ವೇರಿಯಬಲ್‌ನಲ್ಲಿದ್ದ ಕಸದ ಸಂಖ್ಯೆಯನ್ನೇ ವಿಳಾಸ ಎಂದು ತಿಳಿದು ಅಲ್ಲಿ ಬರೆಯಲು ಹೋಗುತ್ತದೆ, ಪ್ರೋಗ್ರಾಂ ಸಾಮಾನ್ಯವಾಗಿ ಸೆಗ್ಮೆಂಟೇಶನ್ ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು) ಎಂದು ಸಾಯುತ್ತದೆ. ಡಬಲ್ ಓದಲು ಪರ್ಸೆಂಟ್ ಎಲ್‌ಎಫ್ ಬೇಕು, ಫ್ಲೋಟ್‌ಗೆ ಪರ್ಸೆಂಟ್ ಎಫ್. ಪ್ರಿಂಟ್‌ಎಫ್‌ನಲ್ಲಿ ಎರಡಕ್ಕೂ ಎಫ್ ನಡೆಯುತ್ತದೆ, ಏಕೆಂದರೆ ಅಲ್ಲಿಗೆ ಹೋಗುವಾಗ ಫ್ಲೋಟ್ ತಾನಾಗಿಯೇ ಡಬಲ್ ಆಗುತ್ತದೆ. ವಿಳಾಸ ಕೊಟ್ಟಾಗ ಆ ಬದಲಾವಣೆ ಸಾಧ್ಯವಿಲ್ಲ, ಅಲ್ಲಿರುವ ಜಾಗ ಎಷ್ಟು ದೊಡ್ಡದು ಎಂದು ನೀವೇ ಹೇಳಬೇಕು.

ಅಂಕಿ ಕೊಟ್ಟು ಎಂಟರ್ ಒತ್ತಿದರೂ ಪ್ರೋಗ್ರಾಂ ಇನ್ನೊಂದಕ್ಕಾಗಿ ಕಾಯುತ್ತಿದ್ದರೆ ಸ್ಕ್ಯಾನ್‌ಎಫ್‌ನ ಕೋಟ್ಸ್ ಒಳಗೆ ಪರ್ಸೆಂಟ್ ಡಿ ಆದ ಮೇಲೆ ನ್ಯೂಲೈನ್ ಬರೆದಿದ್ದೀರಾ ನೋಡಿ. ಅದನ್ನು ತೆಗೆದುಬಿಡಿ. ಇದಕ್ಕೆ ವಿರುದ್ಧವಾಗಿ, ಅಂಕಿಯಾದ ಮೇಲೆ ಒಂದು ಅಕ್ಷರ ಓದಲು ಹೋದಾಗ ಪ್ರೋಗ್ರಾಂ ನಿಲ್ಲದೆ ಮುಂದೆ ಹಾರಿದರೆ, ಹಿಂದಿನ ಎಂಟರ್ ಕೀಯೇ ಅಕ್ಷರವಾಗಿ ಒಳಗೆ ಬಂದಿದೆ ಎಂದರ್ಥ. ಪರ್ಸೆಂಟ್ ಸಿಗೆ ಮೊದಲು, ಕೋಟ್ಸ್ ಒಳಗೇ, ಒಂದು ಸ್ಪೇಸ್ ಕೊಟ್ಟರೆ ಸರಿಹೋಗುತ್ತದೆ. ಸ್ಕ್ಯಾನ್‌ಎಫ್ ಎಷ್ಟು ಮೌಲ್ಯ ಓದಲು ಸಾಧ್ಯವಾಯಿತು ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಮೂರು ಅಂಕ ಓದಿಸಿ, ಅದು 3 ಅಲ್ಲದಿದ್ದರೆ ಪ್ರೋಗ್ರಾಂ ನಿಲ್ಲಿಸಿ. ಈ ಪರೀಕ್ಷೆ ಇಲ್ಲದೆ ಲೂಪ್ ಒಳಗೆ ಓದುವಾಗ ಯಾರಾದರೂ ಅಂಕಿಯ ಬದಲು ಅಕ್ಷರ ಒತ್ತಿದರೆ ಆ ಅಕ್ಷರ ಅಲ್ಲೇ ಉಳಿದು ಲೂಪ್ ನಿಲ್ಲದೆ ತಿರುಗುತ್ತದೆ.

ಮುಂದೆ ಬರೆಯಬೇಕಾದವು. ಪ್ರತಿಯೊಂದೂ ಒಂದು ಹೊಸ ವಿಷಯ ಕಲಿಸುವಂತಿರಲಿ. ಚುಕ್ಕಿಗಳ ಪಿರಮಿಡ್ ಹತ್ತು ಬಗೆಯಲ್ಲಿ ಬರೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಸಮ-ಬೆಸ ಪ್ರೋಗ್ರಾಂ ಬರೆದು ಅದಕ್ಕೆ -3 ಕೊಡಿ. -3 % 2 ಎಂದರೆ -1. ಶೇಷ 1 ಇದ್ದರೆ ಬೆಸ ಎಂದು ಬರೆದಿದ್ದರೆ -3 ಸಮಸಂಖ್ಯೆಯಾಗಿಬಿಡುತ್ತದೆ. ಶೇಷ 0 ಅಲ್ಲದಿದ್ದರೆ ಬೆಸ ಎಂದು ಬರೆಯಿರಿ.

ಆಮೇಲೆ ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯವರೆಗಿನ ಎಲ್ಲದರ ಗುಣಲಬ್ಧ), 1ರಿಂದ 15ರವರೆಗೆ. ಈಗಿನ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಇಂಟ್‌ಗೆ 32 ಬಿಟ್, ಹಿಡಿಸುವ ದೊಡ್ಡ ಸಂಖ್ಯೆ 2147483647. 12ರ ಫ್ಯಾಕ್ಟೋರಿಯಲ್ 479001600, ಸರಿಯಾಗಿ ಬರುತ್ತದೆ. 13ರದು 6227020800 ಆಗಬೇಕು, ಆದರೆ ಸಾಮಾನ್ಯವಾಗಿ ಕಾಣುವುದು 1932053504. ಯಾವ ಎಚ್ಚರಿಕೆಯೂ ಬರುವುದಿಲ್ಲ, ಸಂಖ್ಯೆ ನೋಡಲು ನಂಬುವಂತೆಯೇ ಇರುತ್ತದೆ. ಲಾಂಗ್ ಲಾಂಗ್ ಬಳಸಿದರೆ 20ರವರೆಗೆ ಹೋಗಬಹುದು, ಆಗ ಪ್ರಿಂಟ್‌ಎಫ್‌ನಲ್ಲೂ ಪರ್ಸೆಂಟ್ ಎಲ್‌ಎಲ್‌ಡಿ ಬರೆಯಬೇಕು. ಲೂಪ್ ಒಂದೇ ಸಲ ಓಡಿದಂತೆ ಕಂಡರೆ ಫಾರ್ ಸಾಲಿನ ಕೊನೆಯಲ್ಲಿ ಸೆಮಿಕೋಲನ್ ಹಾಕಿದ್ದೀರಾ ನೋಡಿ. ಗುಣಲಬ್ಧದ ವೇರಿಯಬಲ್‌ಗೆ ಮೊದಲೇ 1 ಕೊಡಿ, ಮೊತ್ತವಾದರೆ 0. ಫಂಕ್ಷನ್ ಒಳಗಿನ ವೇರಿಯಬಲ್‌ಗೆ ಸಿ ತಾನಾಗಿ ಸೊನ್ನೆ ಹಾಕುವುದಿಲ್ಲ.

ಮೂರನೆಯದು, ಅರೇಯಲ್ಲಿ (ಒಂದೇ ಟೈಪ್‌ನ ಮೌಲ್ಯಗಳ ಸಾಲಿನಲ್ಲಿ) ಐದು ಸಂಖ್ಯೆ ಓದಿ ದೊಡ್ಡದನ್ನು ಹುಡುಕುವುದು. ದೊಡ್ಡದು = 0 ಎಂದು ಶುರು ಮಾಡಿದರೆ ಐದೂ ಋಣ ಸಂಖ್ಯೆಗಳಾದಾಗ ಉತ್ತರ 0 ಬರುತ್ತದೆ; ಅರೇಯ ಮೊದಲ ಸಂಖ್ಯೆಯಿಂದ ಶುರು ಮಾಡಿ. ಇಂಡೆಕ್ಸ್ 0ರಿಂದ 4. ಲೂಪ್‌ನಲ್ಲಿ < 5 ಬದಲು <= 5 ಎಂದರೆ ಅರೇಯ ಆಚೆಯ ಜಾಗ ಮುಟ್ಟುತ್ತೀರಿ, ಒಂದು ದಿನ ಸರಿ ಓಡಿ ಇನ್ನೊಂದು ದಿನ ಕೆಡಬಹುದು. ಜಿಸಿಸಿ ಮತ್ತು ಕ್ಲ್ಯಾಂಗ್‌ನ ಅಡ್ರೆಸ್ ಸ್ಯಾನಿಟೈಜರ್ ಆನ್ ಮಾಡಿ ಕಂಪೈಲ್ ಮಾಡಿದರೆ ರನ್ ಆಗುವಾಗ ಇಂಥದ್ದನ್ನು ಸಾಲಿನ ನಂಬರ್ ಸಹಿತ ತೋರಿಸುತ್ತದೆ; ಡೀಬಗ್‌ಗಾಗಿ ಇರುವ ಹೈಫನ್ ಜಿ ಕೂಡ ಜೊತೆಗಿರಲಿ.

ಕೊನೆಯದಾಗಿ, ಎರಡು ಇಂಟ್‌ಗಳನ್ನು ಅದಲುಬದಲು ಮಾಡುವ ಫಂಕ್ಷನ್. ಮೊದಲು ಪಾಯಿಂಟರ್ (ವಿಳಾಸ ಇಡುವ ವೇರಿಯಬಲ್) ಇಲ್ಲದೆ ಬರೆಯಿರಿ. ಮೇನ್‌ನಲ್ಲಿರುವ ಮೌಲ್ಯಗಳು ಅಲುಗುವುದಿಲ್ಲ, ಏಕೆಂದರೆ ಫಂಕ್ಷನ್‌ಗೆ ಹೋಗುವುದು ಅವುಗಳ ನಕಲು. ಆಮೇಲೆ & ಹಾಕಿ ವಿಳಾಸ ಕಳಿಸಿ, ಪಾಯಿಂಟರ್ ಮೂಲಕ ಬದಲಿಸಿ. ಇಷ್ಟು ಕೈಗೆ ಹತ್ತಿದ ಮೇಲೆ ಸ್ಟ್ರಿಂಗ್ ಶುರು ಮಾಡಬಹುದು.