ಗುಡ್ಡದ ಮೇಲಿನ ಆ ನೇರ ಗೆರೆ

(ಚಿಂಚೋಳಿ ತಾಲ್ಲೂಕಿನ ಯುವ ಓದುಗರೊಬ್ಬರು ಬರೆದ ಪತ್ರದ ಸಾರಾಂಶ: "ನಾವು ಆರು ಜನ ಗೆಳೆಯರು ಕೂಡಿಟ್ಟ ಹಣದಲ್ಲಿ ಗೇರ್ ಸೈಕಲ್ ಕೊಂಡಿದ್ದೇವೆ. ಕುಂಚಾವರಂ ಕಡೆಯ ಕಾಡುಗುಡ್ಡಗಳಲ್ಲಿ ಸೈಕಲ್ ತುಳಿಯಲು ಹೋದರೆ ಅರಣ್ಯ ಕಾವಲುಗಾರರೊಬ್ಬರು ತಡೆದು ವಾಪಸು ಕಳಿಸಿದರು. ದನ ಹೋಗುತ್ತವೆ, ಕಟ್ಟಿಗೆ ತರುವವರು ಹೋಗುತ್ತಾರೆ. ಹೊಗೆ ಬಿಡದ, ಸದ್ದು ಮಾಡದ ಸೈಕಲ್ ಮಾತ್ರ ಹೋಗಬಾರದೇ? ಗುದ್ದಲಿ ಹಿಡಿದು ನಾವೇ ದಾರಿ ಮಾಡಿಕೊಳ್ಳುತ್ತೇವೆ. ಕಾಡನ್ನು ತೆರೆಯಿರಿ ಎಂದು ನಿಮ್ಮ ಪತ್ರಿಕೆ ಬರೆಯಬೇಕು. ಯಾವ ಸೈಕಲ್ ಒಳ್ಳೆಯದು ಎಂಬುದನ್ನೂ ತಿಳಿಸಿ.")

ಪ್ರಿಯ ಓದುಗರೇ,

ಪತ್ರವನ್ನು ಎರಡು ಸಲ ಓದಿದೆ. ಹಾಳೆಯ ಹಿಂಬದಿಗೆ ನೀವು ಪೆನ್ಸಿಲಿನಲ್ಲಿ ಬರೆದ ನಕ್ಷೆಯನ್ನು ಮಾತ್ರ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ತಾಂಡಾದ ಮನೆಗಳಿಗೆ ಪುಟ್ಟ ಚೌಕಗಳು, ಗುಡ್ಡಕ್ಕೆ ಕಮಾನು, ನಾಲೆಗೆ ಜೋಡಿಗೆರೆ. ಗುಡ್ಡದ ನೆತ್ತಿಯಿಂದ ನಾಲೆಯವರೆಗೆ ಚುಕ್ಕಿ ಚುಕ್ಕಿಯಾಗಿ ಇಳಿದ ಒಂದು ಗೆರೆ, ಅದರ ಪಕ್ಕದಲ್ಲಿ "ನಮ್ಮ ದಾರಿ" ಎಂಬ ಬರಹ. ಕಲಬುರಗಿ ಎಂದರೆ ಬಿಸಿಲು ಮತ್ತು ತೊಗರಿ ಹೊಲ, ಅಷ್ಟೇ ಎಂದು ದೂರದ ಊರಿನವರು ತಿಳಿದಿರುವಾಗ, ನಮ್ಮಲ್ಲೂ ಗುಡ್ಡವಿದೆ, ಕಾಡಿದೆ, ಅದರೊಳಗೆ ಓಡಾಡಬೇಕು ಎಂದು ಹಂಬಲಿಸುವ ಹುಡುಗರು ಸಿಕ್ಕರಲ್ಲ ಎಂದು ನನಗೆ ನಿಜವಾಗಿ ಸಂತೋಷವಾಯಿತು. ಆದರೆ ಆ ಗೆರೆಯ ಬಗ್ಗೆ ನನ್ನ ತಕರಾರಿದೆ. ಅದು ಹೋಗುವ ಜಾಗದ ಬಗ್ಗೆಯೂ ಇದೆ, ಅದು ಇಳಿಯುವ ರೀತಿಯ ಬಗ್ಗೆಯೂ ಇದೆ.

ಜಾಗದ ಮಾತು ಮೊದಲು. ನಿಮ್ಮನ್ನು ತಡೆದ ಕಾವಲುಗಾರರು ತಮ್ಮ ಕೆಲಸ ಮಾಡಿದ್ದಾರೆ. ಚಿಂಚೋಳಿಯ ಈ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು, ವಿಸ್ತೀರ್ಣ 134.88 ಚದರ ಕಿಲೋಮೀಟರ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಇಂಥ ಧಾಮದೊಳಗೆ ಮನಸ್ಸಿಗೆ ಬಂದಂತೆ ಹೋಗುವಂತಿಲ್ಲ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ವಾಸಕ್ಕೆ ಒಪ್ಪಿಗೆ ಪಡೆದವರು, ಅಲ್ಲಿ ಜಮೀನಿನ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಇಂಥ ಕೆಲವರಿಗೆ ಮಾತ್ರ ವಿನಾಯಿತಿ. ತಾಂಡಾದವರು ಹೋಗಬಹುದು, ನಾವೇಕೆ ಹೋಗಬಾರದು ಎಂದು ಕೇಳಿದ್ದೀರಿ. ತಾಂಡಾದವರಿಗೆ ಅದು ಮನೆ, ನಮಗೆ ಅದು ಭಾನುವಾರ. ಕಾಯ್ದೆಯೂ ಆ ವ್ಯತ್ಯಾಸವನ್ನು ಗುರುತಿಸುತ್ತದೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. 28ನೇ ಕಲಮಿನಲ್ಲಿ ಅಧ್ಯಯನ, ಛಾಯಾಗ್ರಹಣ ಮೊದಲಾದವುಗಳ ಜೊತೆ ಪ್ರವಾಸೋದ್ಯಮಕ್ಕೂ ಅನುಮತಿ ಕೊಡುವ ಅವಕಾಶವಿದೆ. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ, ಈಗಾಗಲೇ ಜೀಪು ಓಡಾಡುವ ಹಾದಿಯಲ್ಲಿ ಹಗಲು ಹೊತ್ತು ಸೈಕಲ್ ತುಳಿಯಲು ಅನುಮತಿ ಸಿಗುವುದೇ ಎಂದು ಲಿಖಿತವಾಗಿ ಕೇಳಿ. ಆ ಮನವಿಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಧಾಮದೊಳಗೆ ಹೊಸ ದಾರಿ ಕಡಿಯುವುದನ್ನು ಬೆಂಬಲಿಸುವುದಿಲ್ಲ.

"ಸದ್ದು ಮಾಡದ ಸೈಕಲ್" ಎಂದು ಬರೆದಿದ್ದೀರಿ. ತೊಂದರೆ ಇರುವುದೂ ಅಲ್ಲೇ. ನಡೆದು ಬರುವವರ ಮಾತು, ಕೆಮ್ಮು, ಎಲೆ ತುಳಿದ ಸಪ್ಪಳ ಪ್ರಾಣಿಗಳಿಗೆ ದೂರದಿಂದಲೇ ಕೇಳುತ್ತದೆ, ಅವು ಸರಿದು ನಿಲ್ಲುತ್ತವೆ. ಇಳಿಜಾರಿನಲ್ಲಿ ಸೈಕಲ್ ಸದ್ದಿಲ್ಲದೆ ಬರುತ್ತದೆ, ವೇಗವಾಗಿಯೂ ಬರುತ್ತದೆ. ತಿರುವಿನ ಆಚೆ ಮರಿಗಳ ಜೊತೆ ಕಾಡುಹಂದಿ ನಿಂತಿದ್ದರೆ ಅದಕ್ಕೂ ಸಮಯವಿಲ್ಲ, ನಿಮಗೂ ಸಮಯವಿಲ್ಲ. ಇನ್ನೊಂದು ಮಾತು. ನಮ್ಮ ಬೇಸಿಗೆಯಲ್ಲಿ ನೀವು ಸೈಕಲ್ ಹತ್ತುವುದು ನಸುಕಿನಲ್ಲಿ ಅಥವಾ ಹೊತ್ತು ಮುಳುಗುವಾಗ. ತೋಳ, ನರಿ, ಕತ್ತೆಕಿರುಬಗಳು ನೀರಿಗೆ ಇಳಿಯುವುದೂ ಅದೇ ಹೊತ್ತಿಗೆ. ನಿಮ್ಮ ಚುಕ್ಕಿಗೆರೆ ಮುಗಿಯುವುದು ನಾಲೆಯ ಮಡುವಿನ ಬಳಿ. ಏಪ್ರಿಲ್ ತಿಂಗಳಲ್ಲಿ ಸುತ್ತಲಿನ ಹಳ್ಳಗಳು ಒಣಗಿದಾಗ ಆ ಮಡು ಯಾರ ಪಾಲಿನದು ಎಂದು ಒಮ್ಮೆ ಯೋಚಿಸಿ. ಮೇಲಾಗಿ, ಕಾಡಿನಲ್ಲಿ ಒಮ್ಮೆ ಬಿದ್ದ ದಾರಿಯನ್ನು ನೀವು ಆರು ಜನ ಮಾತ್ರ ಬಳಸುವುದಿಲ್ಲ. ಅದು ಮರಗಳ್ಳನಿಗೂ ದಾರಿ, ಬೀಡಿ ಎಸೆದು ಹೋಗುವವನಿಗೂ ದಾರಿ.

ಇನ್ನು ಗೆರೆ ಇಳಿಯುವ ರೀತಿ. ನೆತ್ತಿಯಿಂದ ನಾಲೆಗೆ ನೆಟ್ಟಗೆ ಎಳೆದಿದ್ದೀರಿ. ವೇಗವಾಗಿ ಇಳಿಯುವ ಖುಷಿ ನನಗೆ ಅರ್ಥವಾಗುತ್ತದೆ. ಆದರೆ ನೆಟ್ಟಗೆ ಇಳಿಯುವ ದಾರಿಯನ್ನು ಮೊದಲು ಹಿಡಿಯುವುದು ಮಳೆನೀರು. ಗುಡ್ಡದ ಮೇಲೆ ಕೆಂಪು ಗರಸು, ಕೆಳಗೆ ಕಪ್ಪು ಎರೆಮಣ್ಣು ಎಂದು ನೀವೇ ಬರೆದಿದ್ದೀರಿ. ಮೊದಲ ದೊಡ್ಡ ಮಳೆಗೆ ಟೈರಿನ ಗುರುತಿನಲ್ಲಿ ನೀರು ಇಳಿಯುತ್ತದೆ, ಎರಡನೆಯ ಮಳೆಗೆ ಗರಸು ಕಿತ್ತು ಬರುತ್ತದೆ, ಮಳೆಗಾಲ ಮುಗಿಯುವುದರೊಳಗೆ ನಿಮ್ಮ ದಾರಿ ಮೊಣಕಾಲುದ್ದದ ಕೊರಕಲಾಗಿರುತ್ತದೆ. ಆಗ ನೀವು ಕೊರಕಲಿನ ಪಕ್ಕದಲ್ಲಿ ಹೊಸ ಜಾಡು ಹಿಡಿಯುತ್ತೀರಿ, ಮರುವರ್ಷ ಅದೂ ಕೊರಕಲು. ಕಿತ್ತ ಮಣ್ಣು ಹೋಗಿ ಕೂರುವುದು ಕೆಳಗಿನ ಕೆರೆಯಲ್ಲಿ.

ಒದ್ದೆ ಎರೆಯಲ್ಲಿ ಸೈಕಲ್ ತುಳಿಯುವುದು ಏನೆಂದು ನನಗೆ ಗೊತ್ತು. ನಿಮ್ಮ ವಯಸ್ಸಿನಲ್ಲಿ ಒಂದು ಆಗಸ್ಟ್ ಸಂಜೆ, ಮಳೆ ನಿಂತು ಅರ್ಧ ತಾಸಾಗಿತ್ತಷ್ಟೇ, ಹೊಲದ ಬಂಡಿ ಜಾಡಿಗೆ ಸೈಕಲ್ ಇಳಿಸಿದೆ. ನೂರು ಹೆಜ್ಜೆ ಹೋಗುವುದರೊಳಗೆ ಹಿಂದಿನ ಗಾಲಿ ನಿಂತುಬಿಟ್ಟಿತು. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಅರೆದಿಟ್ಟ ಹಿಟ್ಟಿನಂತೆ ಗಟ್ಟಿಯಾಗಿ ಕೂತಿತ್ತು, ಅದರೊಳಗೆ ಹುಲ್ಲು ಬೇರೆ ಹೆಣೆದುಕೊಂಡಿತ್ತು. ಒಣ ತೊಗರಿ ಕಟ್ಟಿಗೆ ಮುರಿದು ಚುಚ್ಚಿ ಚುಚ್ಚಿ ತೆಗೆದೆ. ನಾಲ್ಕು ಸುತ್ತು ತಿರುಗಿತು, ಮತ್ತೆ ನಿಂತಿತು. ಕೊನೆಗೆ ಹೆಗಲ ಮೇಲೆ ಹೊತ್ತು ಊರು ಮುಟ್ಟಿದೆ. ಮರುವಾರ ಅದೇ ಜಾಡಿನಲ್ಲಿ ಹೋದಾಗ ನನ್ನ ಗಾಲಿಯ ಗುರುತು ಒಣಗಿ ಕಲ್ಲಿನಂತಾಗಿತ್ತು, ಅದರ ತುಂಬ ನೀರು ಹರಿದ ಗೆರೆಗಳು. ಆದ್ದರಿಂದ ಎಲ್ಲೇ ತುಳಿಯಿರಿ, ನೆಲ ಹಸಿಯಿದ್ದ ದಿನ ತುಳಿಯಬೇಡಿ.

ಹಾಗಾದರೆ ದಾರಿ ಹೇಗಿರಬೇಕು? ಗುಡ್ಡಕ್ಕೆ ಅಡ್ಡವಾಗಿ, ಓರೆಯಾಗಿ ಇಳಿಯಬೇಕು. ಮೇಕೆಗಳು ಇಳಿಯುವುದನ್ನು ನೋಡಿ. ಬೀದರಿನ ನೌಬಾದಿನಲ್ಲಿರುವ ಸುರಂಗ ಬಾವಿಯನ್ನು ನೀವು ನೋಡಿರದಿದ್ದರೆ ಒಮ್ಮೆ ಹೋಗಿ ಬನ್ನಿ. ಬಹಮನಿ ಕಾಲದಲ್ಲಿ ಕೆಂಪು ಜಂಬಿಟ್ಟಿಗೆ ನೆಲವನ್ನು ಕೊರೆದು, ತೀರಾ ಸಣ್ಣ ಇಳಿಜಾರು ಕೊಟ್ಟು, ನೆಲದಡಿಯ ನೀರನ್ನು ಊರಿನವರೆಗೆ ನಡೆಸಿದರು. ಇಳಿಜಾರು ಹೆಚ್ಚಾದರೆ ನೀರು ಕೊರೆಯುತ್ತದೆ, ಕಡಿಮೆಯಾದರೆ ನಿಲ್ಲುತ್ತದೆ ಎಂಬುದನ್ನು ಬಲ್ಲವರ ಕೆಲಸ ಅದು. ಸೈಕಲ್ ದಾರಿ ಮಾಡುವವರ ಲೆಕ್ಕವೂ ಇಂಥದ್ದೇ. ನೂರು ಅಡಿ ದಾರಿಗೆ ಸರಾಸರಿ ಹತ್ತು ಅಡಿಗಿಂತ ಹೆಚ್ಚು ಇಳಿತ ಇರಬಾರದು. ಗುಡ್ಡದ ಮೈ ಎಷ್ಟು ಇಳಿಜಾರಾಗಿದೆಯೋ ಅದರ ಅರ್ಧಕ್ಕಿಂತ ದಾರಿಯ ಇಳಿಜಾರು ಹೆಚ್ಚಬಾರದು, ಹೆಚ್ಚಿದರೆ ನೀರು ದಾರಿ ದಾಟಿ ಹೋಗುವ ಬದಲು ದಾರಿಯಲ್ಲೇ ಓಡುತ್ತದೆ. ದಾರಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಿರಬೇಕು. ಅಲ್ಲಲ್ಲಿ ದಾರಿ ಒಂದಿಷ್ಟು ಇಳಿದು ಮತ್ತೆ ಏರಬೇಕು, ಆ ತಗ್ಗಿನಲ್ಲಿ ನೀರು ಹೊರಕ್ಕೆ ಹೋಗುತ್ತದೆ. ಸೈಕಲ್ ತುಳಿಯುವವನಿಗೆ ಮಜಾ ಸಿಗುವುದೂ ಆ ಏರಿಳಿತದಲ್ಲೇ.

ಇದನ್ನು ಅಳೆಯಲು ಯಂತ್ರ ಬೇಡ. ನಿಮ್ಮೂರಿನಲ್ಲಿ ಜಲಾನಯನ ಯೋಜನೆಯಲ್ಲಿ ಬದು ಹಾಕಿದ ಹಿರಿಯರಿದ್ದರೆ ಎ ಆಕಾರದ ಚೌಕಟ್ಟು ಹೇಗೆ ಕಟ್ಟುವುದೆಂದು ಕೇಳಿ. ಒಂದೇ ಉದ್ದದ ಎರಡು ಕೋಲುಗಳನ್ನು ಮೇಲೆ ಕೂಡಿಸಿ ಕಟ್ಟಬೇಕು, ಕಾಲುಗಳ ನಡುವೆ ಆರಡಿ ಅಂತರ ಬಿಡಬೇಕು, ನಡುವೆ ಒಂದು ಅಡ್ಡಕೋಲು ಕಟ್ಟಬೇಕು, ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಬೇಕು. ದಾರವು ಅಡ್ಡಕೋಲಿನ ನಟ್ಟನಡುವಿನ ಗುರುತಿಗೆ ಬಂದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದರ್ಥ. ಈಗ ಇಳಿಜಾರಿನ ಕಡೆಯ ಕಾಲಿನ ಕೆಳಗೆ ಏಳು ಇಂಚಿನ ಮರದ ತುಂಡು ಇಡಿ. ಆಗಲೂ ದಾರ ನಡುವಿಗೇ ಬಂದರೆ ಅಲ್ಲಿಯ ಇಳಿತ ನೂರಕ್ಕೆ ಹತ್ತರ ಒಳಗಿದೆ. ಹೀಗೆ ಆರಾರು ಅಡಿಗೆ ಒಂದೊಂದು ಗೂಟ ನೆಡುತ್ತಾ ಹೋಗಿ. ಗೂಟಗಳ ಸಾಲು ತಾನಾಗಿಯೇ ಗುಡ್ಡವನ್ನು ಬಳಸಿಕೊಂಡು ಇಳಿಯುತ್ತದೆ.

ಈ ಆಟ ಹುಟ್ಟಿದ ಕಡೆಯೂ ಹುಡುಗರು ನಿಮ್ಮ ಹಾಗೆಯೇ ನೆಟ್ಟಗೆ ಇಳಿಯಲು ಹೊರಟವರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರದ ಗುಡ್ಡದ ಮಣ್ಣುರಸ್ತೆಯಲ್ಲಿ 1976ರ ಅಕ್ಟೋಬರಿನಲ್ಲಿ ಅವರು ಮೊದಲ ಪಂದ್ಯ ನಡೆಸಿದರು. ಹಳೆಯ ದಪ್ಪ ಟೈರಿನ ಸೈಕಲ್ಲುಗಳು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವುದರೊಳಗೆ ಹಿಂದಿನ ಗಾಲಿಯ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆ ರಸ್ತೆಗೆ ರೀಪ್ಯಾಕ್, ಅಂದರೆ ಮತ್ತೆ ತುಂಬುವುದು, ಎಂಬ ಹೆಸರು ಬಂದದ್ದೇ ಹಾಗೆ. ಇಪ್ಪತ್ತು ವರ್ಷಗಳಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ, ಗುಡ್ಡದ ಸೈಕಲ್ ಪಂದ್ಯಕ್ಕೆ ಪದಕ ಕೊಟ್ಟರು. ನಡುವೆ ಇನ್ನೊಂದು ಕಥೆಯಿದೆ. ನಡೆಯುವವರೂ ಕುದುರೆ ಸವಾರರೂ ದೂರು ಕೊಟ್ಟು, ಅಲ್ಲಿಯ ಅನೇಕ ಕಾಲುಹಾದಿಗಳು ಸೈಕಲ್ಲಿಗೆ ಮುಚ್ಚಿಹೋದವು. ಆಗ ಸೈಕಲ್ಲಿನವರು 1988ರಲ್ಲಿ ಒಂದು ಸಂಘ ಕಟ್ಟಿಕೊಂಡು, ಗುದ್ದಲಿ ಸನಿಕೆ ಹಿಡಿದು ಎಲ್ಲರೂ ಬಳಸುವ ದಾರಿಗಳ ರಿಪೇರಿಗೆ ಇಳಿದರು. ನಾನು ಮೇಲೆ ಹೇಳಿದ ಅಳತೆಗಳನ್ನೇ ಆ ಸಂಘವೂ ಕಲಿಸುತ್ತದೆ. ಅವರು ದಾರಿ ಮುಚ್ಚಿಸಿಕೊಂಡು ಕಲಿತದ್ದನ್ನು ನೀವು ಮೊದಲೇ ಕಲಿಯಬಹುದು.

ಜಾಗ ಎಲ್ಲಿ ಎಂದು ಕೇಳುತ್ತೀರಿ. ನಿಮ್ಮ ನಕ್ಷೆಯಲ್ಲೇ ಇದೆ. ತಾಂಡಾದ ಪಶ್ಚಿಮಕ್ಕೆ "ಗಾಯರಾಣ, ಬೋಳುಗುಡ್ಡ" ಎಂದು ಬರೆದು ಬಿಟ್ಟಿದ್ದೀರಿ. ಗಾಯರಾಣ ಎಂದರೆ ಊರ ದನ ಮೇಯಲು ಬಿಟ್ಟ ಗೋಮಾಳ. ಅದು ಧಾಮದ ಹೊರಗಿದೆಯೇ, ಕಂದಾಯ ಇಲಾಖೆಯ ಜಾಗವೇ ಎಂದು ಪಹಣಿ ತೆಗೆಸಿ ಖಚಿತಪಡಿಸಿಕೊಳ್ಳಿ. ಆಮೇಲೆ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ. ಅದಕ್ಕೂ ಮೊದಲು ತಾಂಡಾದ ನಾಯಕರ ಮನೆಗೆ ಹೋಗಿ ಕುಳಿತು ಮಾತಾಡಿ. ದನ ಎಲ್ಲಿ ಮೇಯುತ್ತವೆ, ಸೇವಾಲಾಲ ಗುಡಿಗೆ ಜನ ಯಾವ ಹಾದಿಯಲ್ಲಿ ಹೋಗುತ್ತಾರೆ, ಯಾವ ಮರಕ್ಕೆ ಕೈ ಹಚ್ಚಬಾರದು, ಇದೆಲ್ಲ ಅವರಿಗೆ ಗೊತ್ತಿರುತ್ತದೆ.

ಆ ಹಾದಿಗಳಲ್ಲಿ ತಲೆಯ ಮೇಲೆ ಕಟ್ಟಿಗೆ ಹೊರೆ ಹೊತ್ತು ಬರುವ ಹೆಣ್ಣುಮಕ್ಕಳನ್ನು ನೀವು ದಿನವೂ ನೋಡಿರುತ್ತೀರಿ. ಒಮ್ಮೆ ಹತ್ತಿರದಿಂದ ನೋಡಿ. ಹೊರೆಯ ಕೆಳಗೆ ಸಿಂಬೆ, ಒಂದು ಕೈ ಮೇಲೆ, ಕತ್ತು ಅಲುಗಾಡುವುದಿಲ್ಲ. ಹಿಂದಿನಿಂದ ಗಂಟೆ ಬಾರಿಸಿದರೆ ಆಕೆ ತಿರುಗಿ ನೋಡಲಾರಳು. ತಟ್ಟನೆ ಸರಿದರೆ ಹೊರೆ ಬೀಳುತ್ತದೆ, ಜೊತೆಗೆ ಆಕೆಯೂ ಬೀಳಬಹುದು. ಆದ್ದರಿಂದ ದೂರದಲ್ಲೇ ಸೈಕಲ್ ಇಳಿಯಿರಿ, ಕರೆದು ಮಾತಾಡಿಸಿ, ಸೈಕಲ್ಲನ್ನು ಇಳಿಜಾರಿನ ಕಡೆಗೆ ಸರಿಸಿಕೊಂಡು ನೀವು ನಿಲ್ಲಿ, ಗುಡ್ಡದ ಕಡೆಯ ಗಟ್ಟಿ ನೆಲವನ್ನು ಆಕೆಗೆ ಬಿಡಿ. ಇದನ್ನು ನಿಮ್ಮ ಆರು ಜನರ ಮೊದಲ ನಿಯಮವೆಂದು ಬರೆದುಕೊಳ್ಳಿ ಎಂಬುದು ನನ್ನ ಕೋರಿಕೆ.

ಸೈಕಲ್ ವಿಷಯ ಚಿಕ್ಕದು. ಈಗಿರುವುದೇ ಸಾಕು, ಹೊಸದಕ್ಕೆ ಹಣ ಸುರಿಯಬೇಡಿ. ಬ್ರೇಕು ಎರಡೂ ಸರಿಯಿರಲಿ, ಟೈರು ಎರಡು ಇಂಚಿಗಿಂತ ಅಗಲವಿರಲಿ, ಹೆಲ್ಮೆಟ್ ಇಲ್ಲದೆ ಗುಡ್ಡ ಹತ್ತಬೇಡಿ. ನಮ್ಮ ಕಡೆ ಕಲ್ಲಿಗಿಂತ ಜಾಲಿ ಮುಳ್ಳು, ನೆಗ್ಗಿಲು ಮುಳ್ಳುಗಳೇ ದೊಡ್ಡ ಶತ್ರು. ಒಂದೊಂದು ಹೆಚ್ಚಿನ ಟ್ಯೂಬು, ಪಂಪು, ತುಂಬ ನೀರು ಇರಲೇಬೇಕು.

ಈಗ ನಾನು ಮಾಡುವುದನ್ನು ಹೇಳುತ್ತೇನೆ. ಗಾಯರಾಣದ ಅರ್ಜಿಯ ಪ್ರತಿ ಕಳಿಸಿದರೆ ಪತ್ರಿಕೆಯಲ್ಲಿ ಪ್ರಕಟಿಸುತ್ತೇನೆ, ಪಂಚಾಯಿತಿ ಸಭೆಗೆ ಕರೆದರೆ ಬರುತ್ತೇನೆ. ನೀವು ಮಾಡಬೇಕಾದದ್ದು ಒಂದಿದೆ. ಮುಂಗಾರಿನ ಮೊದಲ ಜೋರು ಮಳೆಯ ದಿನ, ಸಿಡಿಲು ಕಳೆದ ಮೇಲೆ, ಸೈಕಲ್ ಮನೆಯಲ್ಲಿಟ್ಟು ಕೊಡೆ ಹಿಡಿದು ಆ ಬೋಳುಗುಡ್ಡಕ್ಕೆ ನಡೆದು ಹೋಗಿ. ನೀರು ಎಲ್ಲೆಲ್ಲಿ ಕೂಡುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಆ ನೀರಿನ ಗೆರೆಗಳನ್ನು ಮೊದಲು ಬರೆದು, ಅವುಗಳನ್ನು ದಾಟಿಕೊಂಡು ಹೋಗುವ ಹಾಗೆ ನಿಮ್ಮ ದಾರಿಯನ್ನು ಇನ್ನೊಂದು ಹಾಳೆಯಲ್ಲಿ ಬರೆದು ಕಳಿಸಿ. ಹಳೆಯ ನಕ್ಷೆಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಹೊಸದು ಬಂದಾಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಚ್ಚು ಹಾಕುತ್ತೇನೆ.

ಸಂಪಾದಕ