ಫೆಬ್ರವರಿಯಲ್ಲಿ ಮಣ್ಣು ಅಗೆಯಬೇಡಿ, ಮುಚ್ಚಿ

ಊರಿಗೆ ವಾಪಸ್ ಬಂದಿದ್ದೀರಿ, ಮಂಗಳೂರಿನಲ್ಲಿ ಹತ್ತು ಸೆಂಟ್ಸ್ ಹಿತ್ತಿಲು ಉಂಟು, ಚಳಿಗಾಲ ಮುಗಿಯುವುದರೊಳಗೆ ತರಗೆಲೆ ಗುಡಿಸಿ, ಮಣ್ಣು ಅಗೆದು, ಗಿಡ ಕತ್ತರಿಸಿ ವಸಂತಕ್ಕೆ ತಯಾರು ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಈ ಮೂರೂ ಕೆಲಸ ನಾನು ಮಾಡಿದ್ದೇನೆ, ಇದೇ ಕ್ರಮದಲ್ಲಿ. ಹಾಗಾಗಿ ಮೊದಲು ಕೈಮುಗಿದು ಕೇಳಿಕೊಳ್ಳುತ್ತೇನೆ: ಹಾರೆ ಕೆಳಗಿಡಿ.

ನಮ್ಮ ಮನೆ ಮಂಗಳೂರಿನ ಹೊರವಲಯದ ನೀರುಮಾರ್ಗ ಎಂಬ ಊರಿನ ಕಡೆ, ಗುಡ್ಡ ತಟ್ಟು ಮಾಡಿ ಕಟ್ಟಿದ್ದು. ಮೇಲೆ ಒಂದು ಗೇಣು ಕಪ್ಪು ಮಣ್ಣು, ಅದರ ಕೆಳಗೆ ಬರೀ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಆ ಒಂದು ಗೇಣು ಅಮ್ಮ ಮಾಡಿದ ಮಣ್ಣು. ಹಲಸಿನ ಎಲೆ, ಮಾವಿನ ಎಲೆ, ಹಟ್ಟಿಗೊಬ್ಬರ, ಒಲೆಯ ಬೂದಿ ಹಾಕಿ ಹಾಕಿ ವರ್ಷಗಟ್ಟಲೆ ಕಾದು ಆದದ್ದು. ಹಲಸಿನ ಮರಕ್ಕೂ ಅಡಿಕೆ ಮರಗಳಿಗೂ ಒಳ್ಳೆಮೆಣಸಿನ (ಕಾಳುಮೆಣಸಿನ) ಬಳ್ಳಿ ಹಬ್ಬಿಸಿದ್ದರು. ಬಾವಿಕಟ್ಟೆಯ ಹತ್ತಿರ ಬಸಳೆ ಚಪ್ಪರ, ಅದರಾಚೆ ತೊಂಡೆ. ಅಮ್ಮನಿಗೆ ಮಂಡಿನೋವು ಜೋರಾಗಿ ಬಗ್ಗಲಿಕ್ಕೆ ಆಗದೆ ಹೋದಾಗ ತೋಟ ನನ್ನ ಕೈಗೆ ಬಂತು.

ನಾನು ಕಲಿತದ್ದು ಯೂಟ್ಯೂಬ್ ನೋಡಿ. ಇಂಗ್ಲೆಂಡಿನವರ ವಿಡಿಯೋಗಳು. ಫೆಬ್ರವರಿ ಬಂದರೆ ಅವರು ಹಳೆ ಕಸವೆಲ್ಲ ತೆಗೆಯುತ್ತಾರೆ, ಮಣ್ಣು ಮಗುಚಿ ಹಾಕುತ್ತಾರೆ, ಮರಗಳ ಕೊಂಬೆ ಸವರುತ್ತಾರೆ. ನೋಡಲಿಕ್ಕೆ ಎಷ್ಟು ಚಂದ! ನನ್ನ ಹಿತ್ತಿಲೂ ಹಾಗೇ ಆಗಬೇಕೆಂದು ಕೆಲಸಕ್ಕೆ ಜನ ಕರೆದೆ. ತರಗೆಲೆಯನ್ನೆಲ್ಲ ರಾಶಿ ಮಾಡಿ ಬೆಂಕಿ ಕೊಟ್ಟೆವು. ಅಗೆತ ಅರ್ಧ ಆಗುವಾಗ ಕೆಡ್ಡಸ ಬಂತು. ನೀವು ಹೊರಗೆ ಬೆಳೆದವರಾದರೆ ಗೊತ್ತಿರಲಿಕ್ಕಿಲ್ಲ, ಮಕರ ತಿಂಗಳ ಕೊನೆಗೆ, ಅಂದರೆ ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ತುಳುನಾಡಿನಲ್ಲಿ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ಆಚರಿಸುತ್ತಾರೆ. ಆಗ ನೆಲ ಅಗೆಯುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಹುರಿದ ಅಕ್ಕಿ ಪುಡಿಗೆ ಬೆಲ್ಲ, ತೆಂಗಿನಕಾಯಿ ಕಲಸಿದ ನನ್ನೆರಿ ಮಾಡುತ್ತಾರೆ, ಕೊನೆಗೆ ಹೆಂಗಸರು ನೆಲಕ್ಕೆ ಎಣ್ಣೆ ಬಿಡುತ್ತಾರೆ. ಕೆಲಸದವರು ಹಾರೆ ಮುಟ್ಟುವುದಿಲ್ಲ ಎಂದು ಹೇಳಿ ಹೋದರು. ಅಮ್ಮ ಚಾವಡಿಯಿಂದಲೇ ಕೂಗಿದರು, “ಬೇಡ ಮಗಾ, ಭೂಮಿಗೆ ಪೆಟ್ಟು ಹಾಕುವ ಹೊತ್ತಲ್ಲ ಇದು.” ರಜೆ ಮುಗಿಯುತ್ತದೆ ಎಂಬ ಅವಸರದಲ್ಲಿ ಉಳಿದ ಅರ್ಧ ನಾನೇ ಅಗೆದೆ. ಮೆಣಸಿನ ಬಳ್ಳಿಗಳ ಬುಡವನ್ನೂ ಬಿಡಲಿಲ್ಲ, ಅಲ್ಲಿ ಇನ್ನೂ ಆಳಕ್ಕೆ ಅಗೆದೆ.

ಏನಾಯಿತೆಂದು ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇದರಲ್ಲೇ.

ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಮತ್ತೆ ಕರಗುತ್ತದೆ. ಅಗೆದು ಬಿಟ್ಟ ದೊಡ್ಡ ಹೆಂಟೆ ಹಾಗೆ ತಾನಾಗಿ ಒಡೆದು ಹುಡಿಯಾಗುತ್ತದೆ. ಅಲ್ಲಿಯವರು ಅಗೆದು ಬಿಡುವುದಕ್ಕೆ ಅರ್ಥ ಉಂಟು. ನಮ್ಮಲ್ಲಿ ಜನವರಿಯ ರಾತ್ರಿಯೂ 20 ಡಿಗ್ರಿಯ ಆಸುಪಾಸು, ಫೆಬ್ರವರಿಯ ಹಗಲು 32 ದಾಟುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಾದರೂ ಅದರ ಮುಕ್ಕಾಲಿಗಿಂತ ಹೆಚ್ಚು ಸುರಿದು ಮುಗಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜನವರಿ, ಫೆಬ್ರವರಿಯಲ್ಲಿ ಮಳೆಯೇ ಇಲ್ಲ ಎನ್ನಬಹುದು. ಆ ಹೊತ್ತಿಗೆ ಮಣ್ಣಿನಲ್ಲಿ ಏನು ತೇವ ಉಳಿದಿದೆಯೋ ಅದು ಹಿಂದಿನ ಮಳೆಗಾಲದ ಶಿಲ್ಕು. ಮೇ ತನಕ ಗಿಡ ಬದುಕಬೇಕಾದದ್ದು ಅದರಲ್ಲಿ ಮತ್ತು ನೀವು ಹಾಕುವ ಬಾವಿ ನೀರಿನಲ್ಲಿ. ಮಣ್ಣು ಮಗುಚಿದಾಗ ಆ ತೇವವನ್ನು ತೆಗೆದು ಬಿಸಿಲಿಗೆ ಒಣಹಾಕಿದ ಹಾಗಾಯಿತು.

ಇನ್ನೊಂದು, ಈ ಕೆಂಪು ಮಣ್ಣಿನ ಗುಣ. ಲಕ್ಷಾಂತರ ವರ್ಷದ ಮಳೆಗೆ ಸುಣ್ಣದ ಅಂಶ, ಪೊಟ್ಯಾಶ್ ಎಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದುಕೊಂಡ ಹುಳಿ ಮಣ್ಣು ಇದು. ಮುರಕಲ್ಲಿನ ಕೋರೆ ನೋಡಿದ್ದೀರಲ್ಲ, ಕೊಯ್ಯುವಾಗ ಕಲ್ಲು ಮೆದು ಇರುತ್ತದೆ, ಹೊರಗೆ ಬಿಸಿಲು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಅದೇ ಜಾತಿಯ ಮಣ್ಣು ನಮ್ಮ ಹಿತ್ತಿಲಿನದ್ದೂ. ಮೇಲಿನ ಕಪ್ಪು ಪದರ ಕೆಳಗೆ ಹೋಗಿ ಕೆಳಗಿನ ಕೆಂಪು ಮೇಲೆ ಬಂದದ್ದೇ, ಮಾರ್ಚ್ ಒಳಗೆ ಅದು ಕಾಲಿಟ್ಟರೆ ಸದ್ದಾಗುವಷ್ಟು ಗಟ್ಟಿ ಕಟ್ಟಿತು. ಬಕೆಟ್‌ಗಟ್ಟಲೆ ನೀರು ಸುರಿದರೂ ಮೇಲಿಂದ ಮೇಲೆ ಹರಿದು ಹೋಗುತ್ತಿತ್ತು. ಎರೆಹುಳ ಕಾಣದಾಯಿತು. ಮುಚ್ಚಲಿಕ್ಕೆ ಎಲೆಯೂ ಇರಲಿಲ್ಲ, ಸುಟ್ಟಾಗಿತ್ತು. ನಮ್ಮ ಹಿರಿಯರೂ ಸುಡುತ್ತಿದ್ದರು, ಸುಡುಮಣ್ಣು ಮಾಡಲಿಕ್ಕೆ: ಸೊಪ್ಪು, ಕಡ್ಡಿ, ಮಣ್ಣು ಪದರ ಪದರವಾಗಿ ಪೇರಿಸಿ, ಉರಿ ಏಳದ ಹಾಗೆ ಒಳಗೊಳಗೇ ಹೊಗೆಯಾಡಿಸಿ. ಅದು ತೊಂಡೆಗೆ, ಮಲ್ಲಿಗೆಗೆ ಒಳ್ಳೆಯದು. ನಾನು ಮಾಡಿದ್ದು ಬಯಲು ಬೆಂಕಿ, ಬೂದಿ ಕೂಡ ಗಾಳಿಗೆ ಹೋಯಿತು.

ಮೆಣಸಿನ ಬಳ್ಳಿಯ ಆಹಾರ ಹೀರುವ ಬೇರುಗಳು ಹೆಚ್ಚಿನವು ಮೇಲ್ಮಣ್ಣಿನಲ್ಲೇ ಇರುತ್ತವೆ. ನನ್ನ ಹಾರೆ ಅವನ್ನು ಕಡಿದು ಹಾಕಿತ್ತು. ಎಲೆ ಹಳದಿಯಾಗಿ ಗೆಣ್ಣು ಗೆಣ್ಣಾಗಿ ಉದುರಿದವು. ಏಪ್ರಿಲ್‌ನಲ್ಲಿ ಗುಡುಗಿನೊಂದಿಗೆ ಮೊದಲ ಮಳೆ ಬಂದಾಗ ಬೋಳು ಮಣ್ಣು ಕೆಂಪು ನೀರಾಗಿ ರಸ್ತೆಯ ಚರಂಡಿಗೆ ಇಳಿಯಿತು. ಅಮ್ಮ ಕಿಟಕಿಯಲ್ಲಿ ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಜುಲೈಯಲ್ಲಿ ಉಳಿದ ಬಳ್ಳಿಗಳಿಗೆ ಸೊರಗು ರೋಗ ತಾಗಿ, ಬುಡ ಕಪ್ಪಾಗಿ ಸತ್ತವು. ಹೊಸ ಬಳ್ಳಿ ನೆಡಬಹುದು, ಮೂರನೇ ವರ್ಷದಿಂದ ಮೆಣಸು ಬಿಡಲಿಕ್ಕೆ ಶುರುವಾಗುತ್ತದೆ. ಆ ಒಂದು ಗೇಣು ಮಣ್ಣನ್ನು ಎಲ್ಲಿಂದ ತರುವುದು? ಇವತ್ತಿಗೂ ಪೂರ್ತಿ ಆಗಿಲ್ಲ.

ಈಗ ನಿಮ್ಮ ವಸಂತದ ವಿಷಯ. ಪಂಚಾಂಗದಲ್ಲಿ ವಸಂತ ಉಂಟು, ನಮ್ಮ ಹಿತ್ತಿಲಿನ ಮಣ್ಣಿಗೆ ಇಲ್ಲ. ಕರಾವಳಿಯ ಗಿಡಗಳು ಎಲೆ ಉದುರಿಸಿ ಮಲಗಿ ಮಾರ್ಚ್‌ನಲ್ಲಿ ಏಳುವವಲ್ಲ. ಈಗ ಹೊರಗೆ ಹೋಗಿ ನೋಡಿ: ಮಾವು ಹೂ ಬಿಟ್ಟಿರುತ್ತದೆ, ಗೇರು ಹೂ ಬಿಟ್ಟಿರುತ್ತದೆ, ಹಲಸಿನಲ್ಲಿ ಗುಜ್ಜೆ (ಎಳೆಕಾಯಿ) ಕಟ್ಟಿರುತ್ತದೆ. ಫೆಬ್ರವರಿಯಲ್ಲಿ ಕತ್ತರಿ ಹಾಕಿದರೆ ಈ ವರ್ಷದ ಹಣ್ಣನ್ನೇ ಕತ್ತರಿಸುತ್ತೀರಿ. ಮಾವಿನ ಕೊಂಬೆ ಸವರುವುದಿದ್ದರೆ ಕೊಯ್ಲು ಆದ ಮೇಲೆ. ದಾಸವಾಳ ಒಂದೆರಡು ಮಳೆ ಬಿದ್ದ ನಂತರ ಕತ್ತರಿಸಿ, ಬೇಗ ಚಿಗುರುತ್ತದೆ. ಒಣಗಿದ್ದು, ರೋಗ ಹಿಡಿದದ್ದು ಯಾವಾಗ ಬೇಕಾದರೂ ತೆಗೆಯಬಹುದು. ನೀವು ತಯಾರಾಗಬೇಕಾದ್ದು ಮೊದಲು ಬಿಸಿಲಿಗೆ, ಆಮೇಲೆ ಮಳೆಗೆ. ಇವೆರಡಕ್ಕೂ ಮದ್ದು ಒಂದೇ, ಹೊದಿಕೆ.

ತರಗೆಲೆ ಯಾರ ಮನೆಯದ್ದಾದರೂ ಸರಿ, ತನ್ನಿ. ರಸ್ತೆ ಬದಿಯಲ್ಲಿ ಅದನ್ನು ಸುಡುವವರನ್ನು ಕಂಡರೆ ನನಗೆ ಈಗ ಹೊಟ್ಟೆ ಉರಿಯುತ್ತದೆ. ಗೇಣು ದಪ್ಪ ಹರಡಿ, ಅದರ ಮೇಲೆ ಅಡಿಕೆ ಸೋಗೆಯೋ ತೆಂಗಿನ ಮಡಲೋ ಹಾಕಿ, ಇಲ್ಲದಿದ್ದರೆ ಸಂಜೆಯ ಕಡಲ ಗಾಳಿಗೆ ಹಾರುತ್ತದೆ. ತೆಂಗಿನ ಬುಡಕ್ಕೆ ಕಾಯಿಸಿಪ್ಪೆ, ಮೇಲ್ಗಡೆ ಹಾಸುವುದಾದರೆ ಕವುಚಿ ಹಾಕಬೇಕು, ಗುಂಡಿಯಲ್ಲಿ ಹೂಳುವುದಾದರೆ ಅಂಗಾತ. ಎಳೆಯ ಗಿಡಗಳಿಗೆ ಪಡುವಣದ ಬಿಸಿಲು ತಾಗದ ಹಾಗೆ ಮಡಲು ಕುತ್ತಿ ನಿಲ್ಲಿಸಿ. ಹಾವು ಬರುತ್ತದೆ ಎಂದು ಮನೆಯವರು ಹೆದರುತ್ತಾರೆ ಎಂದಿದ್ದೀರಿ. ಅವರ ಹೆದರಿಕೆ ಸರಿಯಾದದ್ದೇ, ತರಗೆಲೆಯಲ್ಲಿ ಹಾವು ಮಲಗುತ್ತದೆ. ಅಂಗಳ, ನಡೆಯುವ ದಾರಿ, ಬಾವಿಕಟ್ಟೆ ಗುಡಿಸಿ ಚೊಕ್ಕ ಇಡಿ, ಹೊದಿಕೆ ಗಿಡದ ಬುಡಕ್ಕೆ ಮಾತ್ರ ಇರಲಿ, ಮನೆ ಗೋಡೆಗೆ ತಾಗಿ ಬೇಡ. ಬರಿಗೈ ಹಾಕಬೇಡಿ, ಕೋಲಿನಿಂದ ಸರಿಸಿ ನೋಡಿ. ಕಾಂಡಕ್ಕೂ ಒತ್ತಿ ಹಾಕಬೇಡಿ, ಗೆದ್ದಲು ಏರುತ್ತದೆ.

ತರಕಾರಿ ಬೇಕೇ ಬೇಕೆಂದಿದ್ದರೆ ಬೇಕಾದಷ್ಟೇ ಜಾಗ ಬಿಡಿಸಿ ಹಾಕಿ. ಹರಿವೆ ತಿಂಗಳೊಳಗೆ ಸಾರಿಗೆ ಬರುತ್ತದೆ. ಬೆಂಡೆ, ಅಲಸಂದೆ ಬಿಸಿಲಿಗೆ ತಾಳುತ್ತವೆ. ಬಿಸು ಕಣಿಗೆ, ಅಂದರೆ ಏಪ್ರಿಲ್ ಮಧ್ಯದ ತುಳು ಹೊಸವರ್ಷದಂದು ದೇವರ ಮುಂದೆ ಜೋಡಿಸುವ ಹಣ್ಣು ತರಕಾರಿಗೆ, ಮನೆಯದ್ದೇ ಸೌತೆ ಇಡುವ ಆಸೆ ಇದ್ದರೆ ಬೀಜ ಜನವರಿಯಲ್ಲೇ ಬೀಳಬೇಕಿತ್ತು, ಮುಂದಿನ ವರ್ಷ ನೋಡಿ. ಸುವರ್ಣಗೆಡ್ಡೆಗೆ ಕೆಡ್ಡಸ ಕಳೆದು ಬರುವ ಕುಂಭ ಮಾಸದಲ್ಲಿ ಗುಂಡಿ ತೋಡಬಹುದು, ಗೆಡ್ಡೆ ಇಟ್ಟು ಗೊಬ್ಬರ, ಎಲೆ ತುಂಬಿ ಅದೇ ದಿನ ಮುಚ್ಚುವುದಾದರೆ. ಬಸಳೆಗೆ ದಿನಾ ನೀರು ಬೇಕು. ನಿಮ್ಮಲ್ಲಿ ಬಾವಿ ಇಲ್ಲದೆ ನಳ್ಳಿ ನೀರನ್ನೇ ನಂಬಿದ್ದರೆ ಚಪ್ಪರ ದೊಡ್ಡದು ಮಾಡಬೇಡಿ. 2019ರ ಮೇಯಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರು ಇಳಿದು ನಗರದಲ್ಲಿ ರೇಷನಿಂಗ್ ಆಗಿತ್ತು, ಬಜೆ ಅಣೆಕಟ್ಟಿನ ನೀರು ಕುಡಿಯುವ ಉಡುಪಿಯವರಿಗೂ ಅದೇ ಪಾಡು. ಪಾತ್ರೆ ತೊಳೆದ ನೀರು ಬಾಳೆಬುಡಕ್ಕೆ ಹೋಗುವ ವ್ಯವಸ್ಥೆ ಈಗಲೇ ಮಾಡಿಕೊಳ್ಳಿ.

ಅಗೆತ, ಮಳೆನೀರು ಹೋಗಲಿಕ್ಕೆ ಕಣಿ ಬಿಡಿಸುವುದು, ಸಸಿಗೆ ಗುಂಡಿ, ಹುಳಿ ಮಣ್ಣಿಗೆ ಸುಣ್ಣ, ಶುಂಠಿ ಅರಸಿನದ ಏರಿ, ಎಲ್ಲ ಮೇ ತಿಂಗಳಿಗೆ. ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಶುರು ಮಾಡಿ, ಮೇ 24ರ ಸುಮಾರಿಗೆ ಬರುವ ಪತ್ತನಾಜೆಯ (ಮಳೆಗಾಲಕ್ಕೆ ಮುಂಚೆ ತುಳುನಾಡಿನಲ್ಲಿ ಆಚರಿಸುವ ದಿನ) ಹೊತ್ತಿಗೆ ಮುಗಿಸಿ. ಆಗಲೂ ಮೆಣಸಿನ ಬಳ್ಳಿಯ ಬುಡಕ್ಕೆ ಹಾರೆ ಬೇಡ. ಗೊಬ್ಬರ ಮೇಲಿಂದ ಹಾಕಿ, ಮಳೆ ಹಿಡಿಯುವ ಮುಂಚೆ ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣ ಕಲಸಿದ ಔಷಧಿ) ಹೊಡೆಯಿರಿ.

ಮತ್ತೆ, ಇದನ್ನು ಓದುವ ಮೊದಲೇ ಅಗೆದು ಆಗಿದ್ದರೆ ನಾಳೆಗೆ ಕಾಯಬೇಡಿ ಮಾರಾಯ್ರೆ. ಇವತ್ತು ಸಂಜೆ ಬಿಸಿಲು ಇಳಿದ ಮೇಲೆ ಮಣ್ಣು ಮಟ್ಟ ಮಾಡಿ, ನಿಧಾನಕ್ಕೆ ನೀರು ಕುಡಿಸಿ, ಸಿಕ್ಕಿದ ಮಡಲು, ಸೋಗೆ, ಹಳೆ ಗೋಣಿ ಏನಾದರೂ ಹೊದಿಸಿಬಿಡಿ. ಎಲೆ ನಾಳೆ ಹುಡುಕಿದರಾಯಿತು.