ಹಿಟ್ಟು, ರೊಟ್ಟಿ, ರಾತ್ರಿ ಹತ್ತೂವರೆಯ ಪಾರ್ಸೆಲ್: ಒಂದು ಆಪ್ತಸಲಹೆ ಪ್ರಕರಣ

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ, ಊರಿನ ವಿವರ ಕೊಂಚ ಬದಲಿಸಿದ್ದೇನೆ.)

ಮೊದಲು ಫೋನ್ ಮಾಡಿದ್ದು ಸೊಸೆ. ದೂರು ಒಂದೇ ಮಾತಿನದು: "ನಮ್ಮ ಅತ್ತಿಯವ್ರು ನಮ್ಮ ಜೋಡಿ ಊಟಕ್ಕ ಕೂಡೋದು ಬಿಟ್ಟಾರ್ರೀ ಮೇಡಂ."

ಬೆಂಗಳೂರಿನ ಅಪಾರ್ಟ್‌ಮೆಂಟಿನ ಮನೆ. ಅತ್ತೆ ನಾಗಮಂಗಲ ಕಡೆಯವರು, ವಯಸ್ಸು 65ರ ಆಸುಪಾಸು. ಹೊಲ, ದನ ನೋಡಿಕೊಂಡು ಬದುಕಿದವರು. ಗಂಡ ಹೋದ ಮೇಲೆ ಮಗನ ಮನೆಗೆ ಬಂದಿದ್ದಾರೆ. ಮಗನಿಗೆ 38, ಸಾಫ್ಟ್‌ವೇರ್ ಕೆಲಸ, ಅಮೆರಿಕದ ಟೀಮಿನ ಜೊತೆ ರಾತ್ರಿ ಮೀಟಿಂಗ್. ಸೊಸೆ ಹುಬ್ಬಳ್ಳಿ ಹುಡುಗಿ, ಬ್ಯಾಂಕ್ ಉದ್ಯೋಗಿ. ಪ್ರೀತಿಸಿ ಮದುವೆಯಾದವರು. ಎಂಟು ವರ್ಷದ ಮಗಳಿದ್ದಾಳೆ.

ಜಗಳಕ್ಕೆ ಕಿಡಿ ಬಿದ್ದಿದ್ದು ಮಗನ ಕಂಪನಿಯ ಹೆಲ್ತ್ ಚೆಕಪ್‌ನಿಂದ. ಎಚ್‌ಬಿಎ1ಸಿ 6.1 ಅಂತ ಬಂತು. ಕಳೆದ ಎರಡು-ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಹೇಗಿತ್ತು ಅಂತ ಅಂದಾಜು ಕೊಡುವ ಪರೀಕ್ಷೆ ಅದು. 5.7ರಿಂದ 6.4ರ ಒಳಗಿದ್ದರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಬರೋ ದಾರಿಯಲ್ಲಿದೆ ಅಂತ ಲೆಕ್ಕ. ಅಮ್ಮನಿಗೆ ಕೇಳಿಸಿದ್ದು 'ಸಕ್ಕರೆ' ಅನ್ನೋದು ಮಾತ್ರ. "ಪಾರ್ಸೆಲ್ ತಿನ್ನಿಸಿ ತಿನ್ನಿಸಿ ನನ್ ಮಗನ್ಗೆ ಸಕ್ರೆ ಕಾಯ್ಲೆ ತಂದವ್ಳೆ" ಅಂತ ಊರಿನ ನೆಂಟರಿಗೆಲ್ಲ ಫೋನಿನಲ್ಲಿ ಹೇಳಿದರು. ಅದು ಸೊಸೆ ಕಿವಿಗೂ ಬಿತ್ತು. ಅವತ್ತಿನಿಂದ ಅಮ್ಮ ಸಂಜೆ ಏಳಕ್ಕೇ ತಮ್ಮದೇ ಹಿಟ್ಟು (ರಾಗಿ ಮುದ್ದೆ) ತೊಳಸಿಕೊಂಡು ರೂಮಿನಲ್ಲಿ ಉಣ್ಣುತ್ತಾರೆ. ಸೊಸೆ ಬ್ಯಾಂಕಿನಿಂದ ಬರೋದು ಎಂಟಕ್ಕೆ. ಗಂಡನ ಮೀಟಿಂಗ್ ಮುಗಿಯೋದು ಹತ್ತೂವರೆಗೆ. ಅಷ್ಟು ಹೊತ್ತಿಗೆ ಯಾವುದೋ ಬಿರಿಯಾನಿ, ಇಲ್ಲಾ ನೂಡಲ್ಸ್ ಬಾಗಿಲಿಗೆ ಬಂದಿರುತ್ತೆ.

ಮೊದಲ ಭೇಟಿಗೆ ಅತ್ತೆ-ಸೊಸೆ ಇಬ್ಬರೇ ಬಂದರು. ಇದು ನನಗೆ ಹೊಸದೇನಲ್ಲ. ಊಟದ ಜಗಳ ಅಂದರೆ ಹೆಂಗಸರದ್ದು ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿರುತ್ತಾರೆ, ಬಂದ ಹೆಂಗಸರೂ ಸೇರಿ. ಮುಂದಿನ ಸಲ ಮಗ ಬರಲೇಬೇಕು ಅಂದೆ. ಬಂದ. ಅವನನ್ನು ಒಬ್ಬನೇ ಕೂರಿಸಿ ನಿನ್ನೆ ಬೆಳಗ್ಗೆಯಿಂದ ಏನೇನು ತಿಂದೆ ಹೇಳಪ್ಪ ಅಂದೆ. ಮಧ್ಯಾಹ್ನದ ತನಕ ಸರಾಗವಾಗಿ ಹೇಳಿದ. ಸಂಜೆಗೆ ಬಂದಾಗ ಮಾತು ನಿಂತಿತು.

"ಏಳೂವರೆಗೆ ಅಮ್ಮ ಕರೀತಾರೆ ಮೇಡಂ. ಒಂದು ಮುದ್ದೆ, ಸಾರು ಉಣ್ತೀನಿ. ಆಮೇಲೆ ಹತ್ತೂವರೆಗೆ ಅವಳ ಜೊತೆ ಕೂತ್ಕೋತೀನಿ. ಅವಳು ನನಗೋಸ್ಕರ ಕಾದಿರ್ತಾಳೆ. ತಿನ್ನಲ್ಲ ಅಂದ್ರೆ ಬೇಜಾರು ಮಾಡ್ಕೋತಾಳೆ."

ಅಂದರೆ ದಿನಾ ಎರಡು ರಾತ್ರಿಯೂಟ! ಅಮ್ಮನಿಗೆ ಹೆಂಡತಿಯ ಊಟ ಗೊತ್ತು, ಆದರೆ 'ಸುಮ್ನೆ ಒಂದ್ ತುತ್ತು' ಅಂದುಕೊಂಡಿದ್ದಾರೆ. ಹೆಂಡತಿಗೆ ಅಮ್ಮನ ಮುದ್ದೆಯ ಸುದ್ದಿಯೇ ಗೊತ್ತಿಲ್ಲ. ಇಬ್ಬರಿಗೂ ನೋವಾಗಬಾರದು ಅಂತ ಈ ಮನುಷ್ಯ ಇಬ್ಬರ ತಟ್ಟೆಯನ್ನೂ ಖಾಲಿ ಮಾಡುತ್ತಿದ್ದಾನೆ. 6.1ಕ್ಕೆ ಕಾರಣ ಪಾರ್ಸೆಲ್ಲೋ ಅಲ್ಲವೋ ಅಂತ ಅಲ್ಲಿ ಇಬ್ಬರು ಹೊಡೆದಾಡುತ್ತಿದ್ದರೆ, ಇವನ ಹೊಟ್ಟೆಗೆ ಮುದ್ದೆ, ಪಾರ್ಸೆಲ್ ಎರಡೂ ಹೋಗ್ತಾ ಇತ್ತು. ಇದನ್ನು ನಾನು ಹೇಳಲ್ಲ, ನೀನೇ ಮನೆಯಲ್ಲಿ ಹೇಳಬೇಕು ಅಂದೆ. ಅದು ಅವನಿಗೆ ಕೊಟ್ಟ ಮೊದಲ ಸಲಹೆ. ಅದಕ್ಕೇ ಜಾಸ್ತಿ ಸಮಯ ಹಿಡಿಯಿತು.

ಅಮ್ಮನ ಜೊತೆ ಮಾತಾಡುವಾಗ ನಾನು ಪಾರ್ಸೆಲ್ ವಿಷಯ ಎತ್ತಲಿಲ್ಲ. ಮದುವೆಯಾದ ಹೊಸದರಲ್ಲಿ ನಿಮ್ಮ ಒಂದು ದಿನ ಹೇಗಿರ್ತಿತ್ತು ಹೇಳಿ ಅಂದೆ. 1980ರ ಸುಮಾರಿನ ಮಾತು. ಅವರ ಮುಖ ಅರಳಿತು.

ಕೋಳಿ ಕೂಗೋ ಹೊತ್ತಿಗೆ ಏಳೋದು. ತವರಿನಲ್ಲಿ ಅವ್ವ ಬೀಸೋ ಕಲ್ಲಿನಲ್ಲಿ ರಾಗಿ ಬೀಸಿದ್ದು ನೋಡಿದ್ದಾರೆ. ಗಂಡನ ಮನೆಗೆ ಬರೋ ಹೊತ್ತಿಗೆ ಪಕ್ಕದೂರಲ್ಲಿ ಹಿಟ್ಟಿನ ಮಿಷನ್ ಬಂದಿತ್ತು. ಅಲ್ಲಿಗೆ ರಾಗಿ ಚೀಲ ತಲೆ ಮೇಲೆ ಹೊತ್ತು ನಡೆಯೋದು. ಸೌದೆ ಒಲೆ. ಎಸರು ಕುದಿ ಬಂದಾಗ ಹಿಟ್ಟು ಸುರಿದು, ಮಡಕೆಯನ್ನು ಕಾಲಲ್ಲಿ ಅದುಮಿ ಹಿಡಿದು, ಕೋಲಿನಿಂದ ಗಂಟಿಲ್ಲದ ಹಾಗೆ ತೊಳಸೋದು. ಹೊಲಕ್ಕೆ ಬುತ್ತಿ. ಸಾರು ಅಂದರೆ ಹುರುಳಿಕಾಳು, ಅವರೆಕಾಳು, ಬದುವಿನ ಮೇಲೆ ಕಿತ್ತ ಸೊಪ್ಪು. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಹರಿದ ಮಂಡ್ಯ, ಮದ್ದೂರು ಬಯಲಿನವರು ಭತ್ತ, ಕಬ್ಬು ಬೆಳೆದರು. ಇವರದು ಮಳೆ ನಂಬಿದ ಹೊಲ, ರಾಗಿಯೇ ಗತಿ. "ಅನ್ನ ಅಂದ್ರೆ ಹಬ್ಬಕ್ಕೆ, ನೆಂಟ್ರು ಬಂದ್ರೆ. ದಿನಾ ಅನ್ನ ಉಣ್ಣೋರು ಸಾವ್ಕಾರ್ರು ಕಣಮ್ಮ" ಅಂದರು.

"ಆಗಿನ ರಾಗಿ ಹೆಂಗಿತ್ತು ಗೊತ್ತಾ, ಇಂಡಾಫ್ ರಾಗಿ!" ಅಂತಲೂ ಸೇರಿಸಿದರು. ನನಗೆ ಒಳಗೇ ನಗು ಬಂತು. ಇಂಡಾಫ್ ತಾತ-ಮುತ್ತಾತನ ಕಾಲದ ರಾಗಿ ಅಲ್ಲವೇ ಅಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯ ಅವರು ಇಲ್ಲಿಯ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತಯಾರಿಸಿದ ತಳಿ ಅದು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಲ್ಲೇ ಇವೆ. ಅಮ್ಮನ ಪಾಲಿಗೆ ಹಳೇ ಕಾಲದ ಊಟ ಆಗಿದ್ದು ಅವರತ್ತೆಯ ಪಾಲಿಗೆ ಹೊಸದಾಗಿ ಬಂದ ಬೀಜ. ಇದನ್ನು ನಾನು ಹೇಳಿದಾಗ ಅಮ್ಮ, "ಹೌದು ಕಣಮ್ಮ, ನಮ್ಮತ್ತೆ ಇದು ರುಚಿಯಿಲ್ಲ ಅಂತ ಮೂಗು ಮುರೀತಿದ್ರು" ಅಂತ ತಾವೇ ನೆನಪಿಸಿಕೊಂಡರು.

ಆಮೇಲೆ ಒಂದು ಪ್ರಶ್ನೆ ಕೇಳಿದೆ: "ನೀವು ಯಾವಾಗ ಉಣ್ತಿದ್ರಿ?"

"ಎಲ್ರದ್ದೂ ಆದ್ಮೇಲೆ. ಸಾರು ಉಳಿದ್ರೆ ಸಾರು, ಇಲ್ದಿದ್ರೆ ಉಪ್ಪು-ಮೆಣಸಿನಕಾಯಿ ಕಿವುಚ್ಕೊಂಡು." ಪಕ್ಕದಲ್ಲಿದ್ದ ಸೊಸೆ ಆ ಮಾತು ಕೇಳಿ ತಲೆ ಎತ್ತಿದಳು. ಮನೆಯಲ್ಲಿ ಈ ಭಾಗ ಯಾವತ್ತೂ ಅಮ್ಮನ ಬಾಯಿಂದ ಬಂದಿರಲಿಲ್ಲ. ಹಳೇ ಊಟದ ಬಗ್ಗೆ ಮಾತಾಡುವಾಗ ನಾವೆಲ್ಲ ರುಚಿ, ಶಕ್ತಿ ನೆನೆಸಿಕೊಳ್ತೀವಿ. ಅದನ್ನು ದಿನಕ್ಕೆ ಎರಡು ಹೊತ್ತು ಬೇಯಿಸಿದ ಕೈಗಳ ಲೆಕ್ಕ ಹಿಡಿಯೋದಿಲ್ಲ. ಇವತ್ತು ಬ್ಯಾಂಕಿನಲ್ಲಿ ಹತ್ತು ಗಂಟೆ ಕೂತು ಬಂದ ಹೆಂಗಸಿಂದಲೂ ಅದೇ ಊಟ ಬೇಕು ಅನ್ನೋದಾದರೆ, ತೊಳಸೋರು ಯಾರು ಅಂತಲೂ ಕೇಳಬೇಕಲ್ವಾ?

ಸೊಸೆಯದ್ದು ಇನ್ನೊಂದು ಕಥೆ. ಅವಳು ಪಾರ್ಸೆಲ್ ಇಷ್ಟಪಟ್ಟು ತರಿಸುವವಳಲ್ಲ. ಅವಳ ಬಾಯಿಗೆ ಬೇಕಿರೋದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. "ನಮ್ಮವ್ವ ರೊಟ್ಟಿ ಬಡ್ಯೋ ಸಪ್ಪಳಕ್ಕ ನಮಗ ಎಚ್ಚರ ಆಗ್ತಿತ್ರಿ. ನನಗ ಕಲಸ್ಲಿಲ್ಲ, ನೀ ಓದು ಅಂದ್ಲು." ಈಗ ವಾರಕ್ಕೊಮ್ಮೆ ಅಂಗಡಿಯಿಂದ ಕಡಕ್ ರೊಟ್ಟಿ ಕಟ್ಟು ತರುತ್ತಾಳೆ. ಅತ್ತೆ ಅದನ್ನು ನೋಡಿ "ಹಪ್ಳ ಉಣ್ತಾಳೆ" ಅಂದಿದ್ದು ಅವಳ ಮನಸ್ಸಿಗೆ ತಾಗಿದೆ. ಪಾರ್ಸೆಲ್ ತರಿಸೋಕೆ ಶುರು ಮಾಡಿದ್ದು ಆಮೇಲೆ. ಬಿರಿಯಾನಿ ಯಾರ ತವರಿನದ್ದೂ ಅಲ್ಲ, ಹಾಗಾಗಿ ಅದರ ಮೇಲೆ ಯಾರೂ ಕೊಂಕು ಮಾತಾಡೋದಿಲ್ಲ.

ಇನ್ನೊಂದು ವಿಷಯ ಮಗನೇ ಬಾಯಿ ಬಿಟ್ಟ. ಮ್ಯಾಗಿ ನಮ್ಮ ದೇಶಕ್ಕೆ ಬಂದಿದ್ದು 1983ರಲ್ಲಿ. ಇವನು ಶಾಲೆಗೆ ಹೋಗೋ ಹೊತ್ತಿಗೆ ಅವರೂರ ಅಂಗಡಿಗೂ ಬಂದಿತ್ತು. ಪರೀಕ್ಷೆಯಲ್ಲಿ ಪಾಸಾದಾಗ ಅಮ್ಮನೇ ಪ್ಯಾಕೆಟ್ ಕೊಡಿಸ್ತಿದ್ದರಂತೆ. ಈಗ ಊರಿಗೆ ಹೋದರೆ ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಬಡವರ ಮನೆಗೂ ಅಕ್ಕಿ ಬಂತು. ಅದರಿಂದ ಹಸಿವು ತಪ್ಪಿದ್ದನ್ನು ಯಾರೂ ಚಿಕ್ಕದು ಮಾಡಬಾರದು. ಆದರೆ ಊಟ ಬದಲಾಗಿದ್ದು ಬೆಂಗಳೂರಿನ ಸೊಸೆಯಿಂದ ಅನ್ನೋ ವಾದ ಅಲ್ಲಿಗೆ ಬಿದ್ದುಹೋಯಿತು.

ಮಾತಿನ ಮಧ್ಯೆ ಅಮ್ಮ ಎರಡು ಸಲ ಚಪ್ಪಲಿ ಬಿಟ್ಟು ಅಂಗಾಲು ಉಜ್ಜಿಕೊಂಡರು. ಏನಮ್ಮ ಅಂದರೆ, "ಜುಮ್ ಅಂತದೆ, ವಯಸ್ಸಾಯ್ತಲ್ಲ" ಅಂದರು. ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳ್ತೀರಿ ಅಂದೆ. ಮೂರು-ನಾಲ್ಕು ಸಲ. ಅಮ್ಮನಿಗೇ ಸಕ್ಕರೆ ಕಾಯಿಲೆ ಇರಬಹುದಾ ಅನ್ನೋ ಅನುಮಾನ ಬಂತು. ಆದರೆ ಅದನ್ನು ಹೇಳೋದು ನನ್ನ ಕೆಲಸವಲ್ಲ, ವೈದ್ಯರ ಕೆಲಸ. ಅಮ್ಮನಿಗೆ ರಕ್ತ ಪರೀಕ್ಷೆ ಆಗೋ ತನಕ ಮುಂದಿನ ಮಾತು ಬೇಡ ಅಂತ ಕಳಿಸಿದೆ. ಸಕ್ಕರೆ ಮಗನಿಗಿಂತ ಎಷ್ಟೋ ಜಾಸ್ತಿ ಇತ್ತು. ಮಾತ್ರೆ ಶುರುವಾಯಿತು.

ಅಮ್ಮ ಬಂದು ನನ್ನೆದುರು ಕಣ್ಣೀರು ಹಾಕಿದರು. "ನಾನ್ ಪಾರ್ಸೆಲ್ ಮುಟ್ಟಿದೋಳಲ್ಲ ಕಣಮ್ಮ. ನನ್ಗ್ಯಾಕ್ ಬಂತು?"

ಈ ಪ್ರಶ್ನೆಗೆ ನೇರ ಉತ್ತರ ಕೊಡಲೇಬೇಕಿತ್ತು. ಹೊಲದಲ್ಲಿ ದುಡಿಯುವಾಗ ಉಣ್ಣುತ್ತಿದ್ದ ಗಾತ್ರದ್ದೇ ಮುದ್ದೆ, ದಿನಕ್ಕೆ ಮೂರು, ಈಗಲೂ ಉಣ್ಣುತ್ತಿದ್ದಾರೆ. ನಡಿಗೆ ಅಂದರೆ ರೂಮಿನಿಂದ ಬಾಲ್ಕನಿಗೆ. ಸಂಜೆ ಆರರಿಂದ ಹತ್ತರವರೆಗೆ ಧಾರಾವಾಹಿ. ರಾಗಿ ಒಳ್ಳೆಯದೇ. ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಅದೂ ಧಾನ್ಯವೇ, ಅದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಉಂಡಷ್ಟು ಸಕ್ಕರೆ ಏರಿಸುತ್ತೆ. ವಯಸ್ಸು, ಮನೆತನದ ಕಾಯಿಲೆಯೂ ಸೇರಿಕೊಳ್ಳುತ್ತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದಾದ್ಯಂತ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ 11.4 ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 15.3 ಜನ ಮಗನ ಹಾಗೆ ಅಂಚಿನಲ್ಲಿದ್ದಾರೆ. ಇಷ್ಟು ಜನರಿಗೆ ಬಂದಿದ್ದು ಒಬ್ಬ ಸೊಸೆಯ ತಪ್ಪಿನಿಂದ ಅಲ್ಲ, ನಿಮ್ಮ ತಪ್ಪಿನಿಂದಲೂ ಅಲ್ಲ ಅಂದೆ. ಅಮ್ಮ ಸ್ವಲ್ಪ ಸಮಾಧಾನ ಆದರು.

ಆಮೇಲೆ ಮೂವರನ್ನೂ ಕೂರಿಸಿ ಮಾತಾಡಿದ್ದು ಹೀಗೆ.

ಏನು ತಿನ್ನಬೇಕು, ಎಷ್ಟು ಅನ್ನೋದನ್ನು ವೈದ್ಯರು, ಆಹಾರ ತಜ್ಞರು ಹೇಳ್ತಾರೆ, ಅದರಲ್ಲಿ ನಾನು ತಲೆ ಹಾಕಲ್ಲ. ಅವರು ಅಮ್ಮನಿಗೆ ಹೇಳಿದ್ದು ಸರಳವಾಗಿತ್ತು: ಮುದ್ದೆ ಬಿಡಬೇಡಿ, ಚಿಕ್ಕದು ಮಾಡಿ, ಸೊಪ್ಪು-ಕಾಳು ಜಾಸ್ತಿ ಮಾಡಿ. ಬಸ್ಸಾರು, ಉಪ್ಪೆಸರು ಮಾಡೋ ಮನೆಗೆ ಇದು ಹೊಸ ಪಾಠವೇನಲ್ಲ. ನಾನು ಕೇಳಿದ್ದು ಬೇರೆ. ತಟ್ಟೆ ಮುಂದೆ ಕೂತಾಗ ಯಾರ ಊಟದ ಬಗ್ಗೆಯೂ ಟೀಕೆ ಬೇಡ. 'ಹಪ್ಳ' ಬೇಡ, 'ಅದೇ ಮುದ್ದೆನಾ' ಬೇಡ, 'ನಿಂಗೆ ಸಕ್ರೆ ಐತೆ' ಅಂತೂ ಬೇಡವೇ ಬೇಡ. ಕಾಯಿಲೆ ಮಾತು ಹಗಲು ಹೊತ್ತಿನಲ್ಲಿ ಆಡಿ.

ಮಗ ಮುದ್ದೆ ತೊಳಸೋದು ಕಲಿಯಬೇಕು ಅಂದೆ. ಅಮ್ಮ ಗಾಬರಿಯಾದರು. "ಗಂಡಸ್ರು ಕೋಲ್ ಹಿಡೀತಾರಾ?" ಕೆರೆ ಏರಿ ಮೇಲಿನ ಹೋಟೆಲುಗಳಲ್ಲಿ, ಮದುವೆ ಮನೆಗಳಲ್ಲಿ ನೂರಾರು ಜನಕ್ಕೆ ತೊಳಸೋರು ಗಂಡಸರೇ ಅಲ್ವಾ ಅಂದೆ. ನಕ್ಕರು. ಮೊದಲ ವಾರ ಎಲ್ಲಾ ಗಂಟು ಗಂಟು. ಮೊಮ್ಮಗಳು ಅದನ್ನು ವಿಡಿಯೋ ಮಾಡಿ ಹುಬ್ಬಳ್ಳಿ ಅಜ್ಜಿಗೂ ಕಳಿಸಿದಳಂತೆ.

ಪಾರ್ಸೆಲ್ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ನಿಲ್ಲಿಸಿ ಅಂದರೆ ಎರಡು ವಾರ ನಿಲ್ಲುತ್ತೆ, ಆಮೇಲೆ ಕದ್ದು ಶುರುವಾಗುತ್ತೆ. ಈ ಮನೆಯಲ್ಲಿ ಕದ್ದು ತಿನ್ನೋದೇ ದೊಡ್ಡ ಸಮಸ್ಯೆಯಾಗಿತ್ತಲ್ಲ. ಶುಕ್ರವಾರ ರಾತ್ರಿ ಒಂದು ದಿನ, ಎಂಟೂವರೆ ಒಳಗೆ, ಎಲ್ಲರೂ ಕೂತು ಆರಿಸಿ ತರಿಸಿ ಅಂದೆ. ಅಮ್ಮನೂ ಆರಿಸಬೇಕು. ಅಮ್ಮ ಇಡ್ಲಿ ತರಿಸಿಕೊಂಡರು!

ಮಗ ಅಷ್ಟರಲ್ಲಿ ಸಿರಿಧಾನ್ಯದ ಬಿಸ್ಕತ್ತು, ಸಿರಿಧಾನ್ಯದ ಚಿಪ್ಸ್ ಅಂತ ಒಂದು ಚೀಲ ತಂದಿಟ್ಟಿದ್ದ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆದಾಗಿನಿಂದ ಇಂಥ ಪ್ಯಾಕೆಟ್ಟುಗಳಿಗೆ ಬರವಿಲ್ಲ. ಹಿಂದೆ ತಿರುಗಿಸಿ ಓದಪ್ಪ ಅಂದೆ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆದಿರುತ್ತಾರೆ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ. ರಾಗಿ ಎಲ್ಲೋ ಕೊನೆಯಲ್ಲಿತ್ತು.

ಅಮ್ಮನಿಗೆ ಕೊಟ್ಟ ಕೆಲಸ ಒಂದೇ: ದಿನಾ ಸಂಜೆ ಸೊಪ್ಪು ತರೋದು. ಆನ್‌ಲೈನ್‌ನಲ್ಲಿ ಅಲ್ಲ, ಎರಡು ಬೀದಿ ಆಚೆಯ ಗಾಡಿಯವಳ ಹತ್ತಿರ ನಡೆದು ಹೋಗಿ. ಡಾಕ್ಟರು ಹೇಳಿದ ವಾಕಿಂಗ್ ಪಾರ್ಕಿನಲ್ಲಿ ಸುಮ್ನೆ ಸುತ್ತೋದಾದರೆ ಅವರು ಮಾಡುತ್ತಿರಲಿಲ್ಲ. ಕೆಲಸ ಇಲ್ಲದೆ ನಡೆಯೋದು ಅವರಿಗೆ ನಾಚಿಕೆ. ಈಗ ಆ ಗಾಡಿಯವಳು ಪಾಂಡವಪುರದ ಕಡೆಯವಳು ಅಂತ ಗೊತ್ತಾಗಿ ಅರ್ಧ ಗಂಟೆ ನಿಂತು ಮಾತಾಡಿ ಬರುತ್ತಾರಂತೆ. ಸೊಸೆ ತವರಿನಿಂದ ತಂದ ಗುರೆಳ್ಳು ಚಟ್ನಿಪುಡಿ ರುಚಿ ನೋಡಿ "ಇದ್ ನಮ್ ಹುಚ್ಚೆಳ್ಳೇ" ಅಂತ ಡಬ್ಬಿ ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ. ರೊಟ್ಟಿ ಮಾತ್ರ ಇನ್ನೂ ಮುಟ್ಟಿಲ್ಲ. ಸೊಸೆಗೂ ಮುದ್ದೆ ನುಂಗೋಕೆ ಬರಲ್ಲ, ಅಗಿಯುತ್ತಾಳೆ. ಇರಲಿ.

ಸುಲಭವಾಗಿ ಬಗೆಹರಿಯದೇ ಇದ್ದಿದ್ದು ಮಗನ ಮೀಟಿಂಗ್ ಸಮಯ. ಅವನು ಮೇಲಿನವರ ಹತ್ತಿರ ಮಾತಾಡಿ ವಾರದಲ್ಲಿ ಎರಡು ದಿನದ್ದನ್ನು ಏಳಕ್ಕೆ ತರಿಸಿಕೊಂಡ. ಉಳಿದ ದಿನ ಎಂಟೂವರೆಗೆ ಉಂಡು ಲ್ಯಾಪ್‌ಟಾಪ್ ಮುಂದೆ ಕೂರುತ್ತಾನೆ. ಒಂದೇ ಊಟ. ಮೂರು ತಿಂಗಳ ಮೇಲೆ ಅವನ ಲೆಕ್ಕ 5.9ಕ್ಕೆ ಇಳಿದಿದೆ. ಅಮ್ಮನ ಮಾತ್ರೆ ಮುಂದುವರಿದಿದೆ, ಕಾಲಿನ ಜುಮ್ಮು ಪೂರ್ತಿ ಹೋಗಿಲ್ಲ.

ಮುಂದಿನ ಭೇಟಿಗೆ ಮೊಮ್ಮಗಳ ಟಿಫಿನ್ ಡಬ್ಬಿ ವಿಷಯ ಇದೆ. ಕ್ಲಾಸಿನಲ್ಲಿ ಎಲ್ಲರೂ ಪಾಸ್ತಾ ತರ್ತಾರೆ, ನನಗೂ ಅದೇ ಬೇಕು ಅಂತ ಹಟ. ಅಜ್ಜಿ ಅದು ಬೇಡವೇ ಬೇಡ ಅಂತಿದ್ದಾರೆ, ಸೊಸೆಗೆ ಬೆಳಗ್ಗೆ ಪುರುಸೊತ್ತಿಲ್ಲ. ಬರುವಾಗ ಮಗುವನ್ನೂ ಅವಳಪ್ಪನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.